ಫ್ಲ್ಯಾಶ್ ಸೆಲ್ಲಿನಲ್ಲಿ ಉಳಿತಾಯ ಬೇಡ

ಬೆಳಗಾವಿಯ ಯಾವುದೇ ಮಂಗಲ ಕಾರ್ಯಾಲಯದಲ್ಲಿ ಅಕ್ಕಿಕಾಳು ಬೀಳುವ ಹೊತ್ತನ್ನು ಗಮನಿಸಿ. ಮಂಗಲಾಷ್ಟಕ ಮುಗಿಯುತ್ತದೆ, ಅಂತರಪಟ ಸರಿಯುತ್ತದೆ, ನಾಲ್ಕೂ ದಿಕ್ಕಿನಿಂದ ಅಕ್ಷತೆ ಹಾರುತ್ತದೆ. ಎಲ್ಲ ಸೇರಿ ಒಂದೆರಡು ನಿಮಿಷದ ಮಾತು. ಅಷ್ಟರಲ್ಲಿ ಫೋಟೊಗ್ರಾಫರ್ ಒಂದರ ಹಿಂದೊಂದು ಫೋಟೊ ತೆಗೆಯಬೇಕು. ಎರಡು ಸಲ ಬೆಳಗಿದ ಫ್ಲ್ಯಾಶ್ ಮೂರನೆಯದಕ್ಕೆ ಕೈಕೊಟ್ಟರೆ, ಕ್ಯಾಮೆರಾ ಎಷ್ಟು ಲಕ್ಷದ್ದಾದರೂ ಸಿಗುವುದು ಮಬ್ಬು ಚಿತ್ರವೇ.

ಕ್ಯಾಮೆರಾ, ಲೆನ್ಸುಗಳಿಗೆ ಸಾಲ ಮಾಡಿಯಾದರೂ ಹಣ ಹಾಕುವ ನಮ್ಮ ಸ್ಟುಡಿಯೊಗಳು ಮತ್ತು ಹವ್ಯಾಸಿಗಳು ಸೆಲ್ ವಿಷಯಕ್ಕೆ ಬಂದರೆ ಮಾತ್ರ ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುತ್ತಾರೆ. ಈ ರೂಢಿ ಬಿಡಬೇಕು. ಕೆಲಸ ಕೆಡುವುದು, ದುಡ್ಡು ಪೋಲಾಗುವುದು, ಊರಿನ ಕಸ ಹೆಚ್ಚುವುದು ಮೂರೂ ಇದರಿಂದಲೇ.

ಗೋಡೆ ಗಡಿಯಾರ ವರ್ಷವಿಡೀ ಹನಿಹನಿಯಾಗಿ ಕರೆಂಟ್ ಬಳಸುತ್ತದೆ. ಫ್ಲ್ಯಾಶ್ ಹಾಗಲ್ಲ. ನಾಲ್ಕು ಪೆನ್ಸಿಲ್ ಸೆಲ್‌ಗಳ ಐದಾರು ವೋಲ್ಟನ್ನು ಒಳಗಿನ ಸರ್ಕ್ಯೂಟ್ 300 ವೋಲ್ಟಿಗೂ ಮೇಲಕ್ಕೆ ಏರಿಸಿ ಕೆಪಾಸಿಟರಿನಲ್ಲಿ ತುಂಬಿಸುತ್ತದೆ. ಕ್ಸೆನಾನ್ ಟ್ಯೂಬು ಅದನ್ನು ಕ್ಷಣಾರ್ಧದಲ್ಲಿ ಖಾಲಿ ಮಾಡುತ್ತದೆ. ಮತ್ತೆ ತುಂಬಲು ಸೆಲ್ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಬೇಕು. ಪ್ಯಾಕೆಟ್ ಮೇಲೆ 1.5 ವೋಲ್ಟ್ ಎಂದಿರುವ ಆಲ್ಕಲೈನ್ ಸೆಲ್ ಸೋಲುವುದು ಇಲ್ಲಿಯೇ. ಅದರ ಒಳಗಿನ ರೋಧ ಹೆಚ್ಚು. ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ 1.2 ವೋಲ್ಟಿನದಾದರೂ ಹೆಚ್ಚುಕಡಿಮೆ ಕೊನೆಯವರೆಗೂ ಅದೇ ಮಟ್ಟದಲ್ಲಿ ನಿಲ್ಲುತ್ತದೆ.

ತಯಾರಕರ ಲೆಕ್ಕವೇ ಇದಕ್ಕೆ ಸಾಕ್ಷಿ. ನಿಕಾನ್‌ನ ಎಸ್‌ಬಿ-900 ಫ್ಲ್ಯಾಶ್ ಪೂರ್ಣ ಶಕ್ತಿಯಲ್ಲಿ ಬೆಳಗಿದ ಮೇಲೆ ಮತ್ತೆ ಸಿದ್ಧವಾಗಲು ಹೊಸ ಆಲ್ಕಲೈನ್ ಸೆಲ್‌ಗಳಿಂದ 4 ಸೆಕೆಂಡ್, ರೀಚಾರ್ಜ್ ಸೆಲ್‌ಗಳಿಂದ 2.3 ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಸೆಟ್ಟಿಗೆ ಮೊದಲಿನದರಲ್ಲಿ ಸುಮಾರು 110 ಬೆಳಕು, ಎರಡನೆಯದರಲ್ಲಿ ಸುಮಾರು 190. ಆಲ್ಕಲೈನ್ ಅಲ್ಲಿಗೆ ಮುಗಿಯಿತು. ರೀಚಾರ್ಜ್ ಸೆಲ್ ನೂರಾರು ಸಲ ತುಂಬಿಕೊಳ್ಳುತ್ತದೆ. ಚಾರ್ಜರ್ ಸೇರಿ ಮೊದಲ ಖರ್ಚು ಹೆಚ್ಚು ಕಂಡರೂ ಒಂದು ಮದುವೆ ಸೀಸನ್ನಿನಲ್ಲೇ ಅದು ವಸೂಲಾಗುವ ಬಾಬತ್ತು.

ರೀಚಾರ್ಜ್ ಸೆಲ್‌ಗಳಲ್ಲೂ ಆರಿಸಿ ಕೊಳ್ಳಬೇಕು. ಹಳೆಯ ಬಗೆಯವು ಸುಮ್ಮನೆ ಇಟ್ಟರೂ ಕೆಲವೇ ವಾರಗಳಲ್ಲಿ ಸೊರಗುತ್ತವೆ. 2005ರಲ್ಲಿ ಸಾನ್ಯೊ ಕಂಪನಿ ಎನಿಲೂಪ್ ಹೆಸರಿನಲ್ಲಿ ತಂದ ಬಗೆ ವರ್ಷ ಕಳೆದರೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುತ್ತದೆ. ಈಗ ಬೇರೆ ಕಂಪನಿಗಳೂ ಇಂಥವನ್ನು ಮಾಡುತ್ತವೆ. 2000 ಎಂಎಎಚ್ ಆಸುಪಾಸಿನವು ದಿನದ ಕೆಲಸಕ್ಕೆ ಸಾಕು. ಪೆನ್ಸಿಲ್ ಸೆಲ್ ಮೇಲೆ 3000ಕ್ಕಿಂತ ಹೆಚ್ಚಿನ ಅಂಕಿ ಅಚ್ಚಾಗಿದ್ದರೆ ಅದನ್ನು ನಂಬಿ ಕೊಳ್ಳಬೇಡಿ.

ಕಾಳಜಿ ದೊಡ್ಡ ವಿದ್ಯೆಯೇನಲ್ಲ. ಒಂದೇ ಕಂಪನಿಯ, ಒಂದೇ ದಿನ ಕೊಂಡ ನಾಲ್ಕು ಸೆಲ್‌ಗಳಿಗೆ ಮಾರ್ಕರ್‌ನಲ್ಲಿ ‘1’ ಎಂದು ಬರೆಯಿರಿ, ಇನ್ನೊಂದು ಸೆಟ್ಟಿಗೆ ‘2’. ಅವು ಜೊತೆಯಾಗಿಯೇ ಬಳಕೆಯಾಗಲಿ, ಜೊತೆಯಾಗಿಯೇ ಚಾರ್ಜ್ ಆಗಲಿ. ಹಳೆಯದರ ಜೊತೆ ಹೊಸದು ಬೆರೆತರೆ ದುರ್ಬಲ ಸೆಲ್ ಮೊದಲೇ ಬರಿದಾಗಿ, ಉಳಿದವುಗಳ ಒತ್ತಡಕ್ಕೆ ಕೆಟ್ಟೇಹೋಗುತ್ತದೆ. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಂಡು ತಾನಾಗಿಯೇ ನಿಲ್ಲುವ ಚಾರ್ಜರನ್ನೇ ಕೊಳ್ಳಿ.

ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ಆಚೆಯ ಖಾನಾಪುರದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದಲ್ಲಿ ತೇವ ಬ್ಯಾಗಿನೊಳಗೂ ಇಳಿಯುತ್ತದೆ, ಗಾಳಿಮಳೆಗೆ ಕರೆಂಟ್ ಹೋದರೆ ಚಾರ್ಜರ್ ಇದ್ದೂ ಇಲ್ಲದಂತೆ. ಹಲಸಿಯ ಕದಂಬರ ಕಾಲದ ದೇಗುಲಗಳನ್ನೋ ಭೀಮಗಡದ ಅಂಚಿನ ಹಳ್ಳಿಯ ಮದುವೆಯನ್ನೋ ಚಿತ್ರಿಸಲು ಹೊರಟವರು ಹಿಂದಿನ ದಿನವೇ ಎರಡು ಸೆಟ್ ತುಂಬಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯಬೇಕು. ಮಳೆಗಾಲ ಪೂರ್ತಿ ಬಳಸದ ಫ್ಲ್ಯಾಶಿನಲ್ಲಿ ಆಲ್ಕಲೈನ್ ಸೆಲ್ ಬಿಟ್ಟರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಕೈಗವಸು ಹಾಕಿ, ಹತ್ತಿಯ ಕಡ್ಡಿಗೆ ತುಸು ನಿಂಬೆರಸ ಹಚ್ಚಿ ಒರೆಸಿ ಒಣಗಿಸಿದರೆ ಕೆಲವೊಮ್ಮೆ ಫ್ಲ್ಯಾಶ್ ಉಳಿಯುತ್ತದೆ. ಕೆಲಸ ಮುಗಿದ ದಿನವೇ ಸೆಲ್ ತೆಗೆದಿಟ್ಟಿದ್ದರೆ ಆ ಪಾಡೇ ಇಲ್ಲ.

ಲಿಥಿಯಂ ಅಯಾನ್ ಬ್ಯಾಟರಿಯ ಫ್ಲ್ಯಾಶುಗಳು ವೇಗದಲ್ಲಿ ಇವನ್ನೂ ಮೀರಿಸುತ್ತವೆ. ಆದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಅವನ್ನು ಬಿಡಬಾರದು. ಬಹಳ ದಿನ ಇಡುವುದಾದರೆ ಅರ್ಧದಷ್ಟು ಚಾರ್ಜ್ ಇರಲಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು.

ಸತ್ತ ಸೆಲ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಮನೆಗಸದ ಜೊತೆ ಸೇರಿದರೆ ಅದು ತುರಮುರಿಯ ಕಸ ಘಟಕದ ದಾರಿ ಹಿಡಿಯುತ್ತದೆ. 2001ರ ನಿಯಮಗಳು ಸೀಸದ ಬ್ಯಾಟರಿಗಷ್ಟೇ ಸೀಮಿತವಾಗಿದ್ದವು. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಪೆನ್ಸಿಲ್ ಸೆಲ್ಲನ್ನೂ ಒಳಗೊಂಡಿವೆ. ಬಳಸಿದ ಬ್ಯಾಟರಿ ಬೇರೆ ಕಸದೊಂದಿಗೆ ಬೆರೆಯದಂತೆ ನೋಡುವುದು ಗ್ರಾಹಕರ ಕರ್ತವ್ಯ, ಸಂಗ್ರಹಿಸಿ ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ.

ಇದು ಕಾಗದದ ಮೇಲೆ ಉಳಿಯಬಾರದು. ಖಡೇಬಜಾರಿನ ಅಂಗಡಿಗಳು, ಎರಡೂ ಊರಿನ ಸ್ಟುಡಿಯೊಗಳು ಹಳೆಯ ಸೆಲ್ಲಿಗೆಂದೇ ಒಂದೊಂದು ಡಬ್ಬಿ ಇಡಲಿ. ತುಂಬಿದ ಡಬ್ಬಿಗಳನ್ನು ಬೆಳಗಾವಿ ಮಹಾನಗರ ಪಾಲಿಕೆ ಮತ್ತು ಖಾನಾಪುರ ಪಟ್ಟಣ ಪಂಚಾಯಿತಿ ತಿಂಗಳಿಗೊಮ್ಮೆ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ವ್ಯವಸ್ಥೆ ಮಾಡಲಿ.