ಘಾಟಿ ಏರುವಾಗ ಕಾರಲ್ಲಿ ಪೆಟ್ರೋಲ್ ವಾಸನೆ ಬಂದರೆ

ಕೈಮರ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿ ಕಡೆ ಗಾಡಿ ಏರುತ್ತಿದ್ದ ಹಾಗೆ ಹಿಂದಿನ ಸೀಟಲ್ಲಿ ಯಾರಾದರೂ ಒಬ್ಬರು "ಹೊಟ್ಟೆ ತೊಳೆಸ್ತಿದೆ" ಅಂತಾರೆ. ತಿರುವಿನ ಮೇಲೆ ತಪ್ಪು ಹೊರಿಸಿ, ಕೈಗೊಂದು ನಿಂಬೆಹಣ್ಣು ಕೊಟ್ಟು ಮುಂದೆ ಹೋಗ್ತೀವಿ. ಬಹಳಷ್ಟು ಸಲ ಅದು ತಿರುವಿನದೇ ಕೆಲಸ. ಕೆಲವು ಸಲ ಮಾತ್ರ ಪೆಟ್ರೋಲ್ ಆವಿಯದು. ಮಂಜು ಅಂತ ಕಿಟಕಿ ಮುಚ್ಚಿರ್ತೀವಿ, ಒಳಗೆ ಬಂದದ್ದು ಹೊರಗೆ ಹೋಗಲ್ಲ.

ಇದರಲ್ಲಿ ಡ್ರೈವರ್ ಮಾತನ್ನು ಪೂರ್ತಿ ನಂಬೋ ಹಾಗಿಲ್ಲ. ಯಾವುದೇ ವಾಸನೆಗೆ ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಹೋಗತ್ತೆ. ಅತ್ತಿಗುಂಡಿಯಲ್ಲಿ ಟೀ ಕುಡಿಯೋಕೆ ಇಳಿದು, ತಣ್ಣನೆ ಗಾಳಿಯಲ್ಲಿ ಹತ್ತು ನಿಮಿಷ ನಿಂತು ವಾಪಸ್ ಬಾಗಿಲು ತೆಗೀತೀರಲ್ಲ, ಆಗ ಎಳೆಯೋ ಮೊದಲ ಉಸಿರೇ ಸರಿಯಾದ ಪರೀಕ್ಷೆ. ಇಲ್ಲದಿದ್ದರೆ ಆಗ ತಾನೇ ಹತ್ತಿದವರನ್ನು ಕೇಳಿ.

ವಾಸನೆ ಬೆಟ್ಟದಲ್ಲೇ ಯಾಕೆ ಜಾಸ್ತಿ? ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಗಾಳಿಯ ಒತ್ತಡ ಐದನೇ ಒಂದು ಭಾಗದಷ್ಟು ಕಡಿಮೆ. ಒತ್ತಡ ಇಳಿದಷ್ಟೂ ಪೆಟ್ರೋಲ್ ಬೇಗ ಆವಿಯಾಗತ್ತೆ. ಜೊತೆಗೆ ಫಸ್ಟ್ ಗೇರ್, ಸೆಕೆಂಡ್ ಗೇರಲ್ಲೇ ಏರೋದ್ರಿಂದ ಇಂಜಿನ್ ಬಿಸಿ ಬೇರೆ. ಈ ಆವಿ ಹೊರಗೆ ಹೋಗಬಾರದು ಅಂತ ಇದ್ದಿಲು ತುಂಬಿದ ಒಂದು ಡಬ್ಬಿ ಇರತ್ತೆ, ಅದಕ್ಕೆ ಕ್ಯಾನಿಸ್ಟರ್ ಅಂತಾರೆ. ಟ್ಯಾಂಕಿನ ಆವಿಯನ್ನು ಅದು ಹೀರಿಟ್ಟುಕೊಳ್ಳತ್ತೆ, ಇಂಜಿನ್ ಓಡುವಾಗ ಎಳೆದು ಸುಡತ್ತೆ. ಚಿಕ್ಕಮಗಳೂರಿನ ಬಂಕಲ್ಲಿ ಪಂಪು ತಾನಾಗಿ ನಿಂತ ಮೇಲೂ "ರೌಂಡ್ ಫಿಗರ್ ಮಾಡಿ" ಅಂತ ಕುತ್ತಿಗೆವರೆಗೂ ತುಂಬಿಸಿದರೆ, ಆವಿ ಹೋಗಬೇಕಾದ ಕ್ಯಾನಿಸ್ಟರಿಗೆ ದ್ರವವೇ ನುಗ್ಗಬಹುದು. ಒಮ್ಮೆ ನೆನೆದ ಇದ್ದಿಲು ಕೆಟ್ಟ ಹಾಗೆಯೇ. ಪಂಪು ಮೊದಲ ಸಲ ಟಕ್ ಅಂದಾಗಲೇ ಸಾಕು ಅನ್ನಿ.

ಇನ್ನು ಪತ್ತೆ ಕೆಲಸ. ಕೋಡಲ್ಲಿ ಬಗ್ ಹುಡುಕೋ ಕ್ರಮವೇ ಇಲ್ಲೂ ನಡೆಯತ್ತೆ: ಮೊದಲು ಅರ್ಧ ಗಾಡಿಯನ್ನು ಲೆಕ್ಕದಿಂದ ಹೊರಗಿಡಿ. ಹೊರಗಿನ ಗಾಳಿ ಬಾನೆಟ್ಟಿನ ಹಿಂದೆ, ಗಾಜಿನ ಬುಡದಿಂದ ಒಳಗೆ ಬರತ್ತೆ. ಬ್ಲೋವರ್ ಹಾಕಿ ಹೊರಗಾಳಿ ಬಿಟ್ಟಾಗ ವಾಸನೆ ಹೆಚ್ಚಾದರೆ ಇಂಜಿನ್ ಕಡೆ ನೋಡಿ. ಅಲ್ಲಿ ಫ್ಯುಯೆಲ್ ಪೈಪಿನ ಜಾಯಿಂಟು ಇಲ್ಲವೇ ಇಂಜೆಕ್ಟರಿನ ರಬ್ಬರ್ ಉಂಗುರ ಸೋರ್ತಿರಬಹುದು. ಒಳಗಿನ ಗಾಳಿಯನ್ನೇ ಸುತ್ತಿಸೋ ಬಟನ್ ಒತ್ತಿದಾಗ ಹೆಚ್ಚಾದರೆ ಅನುಮಾನ ಹಿಂದಕ್ಕೆ ಹೋಗತ್ತೆ. ತುಂಬಾ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಪಂಪಿನ ಮುಚ್ಚಳ ಇರತ್ತೆ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬಂದರೆ ಮುಚ್ಚಳದ ರಬ್ಬರ್, ಫಿಲ್ಲರ್ ಪೈಪು ಇಲ್ಲವೇ ಕ್ಯಾನಿಸ್ಟರ್. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಹತ್ತಿರ ಸ್ವಲ್ಪ ಹೊತ್ತು ಬಂದು ಹೋಗೋ ವಾಸನೆಗೆ ಹೆದರಬೇಕಿಲ್ಲ. ಇಂಜಿನ್ ಜರ್ಕ್ ಹೊಡೀತಾ ವಾಸನೆ ಬರ್ತಿದ್ದರೆ ಪ್ಲಗ್ ಚೆಕ್ ಮಾಡಿಸಿ, ಸುಡದ ಪೆಟ್ರೋಲ್ ಹೊರಗೆ ಹೋಗ್ತಿರಬಹುದು.

ನೆಲದ ಮೇಲೆ ಹನಿ ಇಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ. ಪೆಟ್ರೋಲ್ ಬೀಳೋ ಮೊದಲೇ ಆರಿಹೋಗತ್ತೆ. ನಮ್ಮ ಕಡೆ ಗಾಡಿಯ ಹೊಟ್ಟೆಗೆಲ್ಲ ಕೆಮ್ಮಣ್ಣು ಮೆತ್ತಿರತ್ತಲ್ಲ, ಅದರ ಮಧ್ಯೆ ಎಲ್ಲಾದರೂ ತೊಳೆದ ಹಾಗೆ ಒಂದು ಗೆರೆ ಕಂಡರೆ ಅಲ್ಲಿಂದ ಮೇಲಕ್ಕೆ ಹುಡುಕಿ.

ನಮ್ಮ ಚಿಕ್ಕಪ್ಪನ ಹತ್ತು ವರ್ಷದ ಕಾರಲ್ಲಿ ಹೀಗೇ ಆಗಿತ್ತು. ಒಂದು ಗ್ಯಾರೇಜಲ್ಲಿ ಟ್ಯಾಂಕಿನ ಮುಚ್ಚಳ ಬದಲಿಸಿದರು, ಇನ್ನೊಂದರಲ್ಲಿ ಪರ್ಫ್ಯೂಮ್ ಡಬ್ಬಿ ಇಟ್ಟು ಕಳಿಸಿದರು. ಅರ್ಧ ಟ್ಯಾಂಕಿಗಿಂತ ಕಡಿಮೆ ಇದ್ದಾಗ ವಾಸನೆ ಇರ್ತಿರಲಿಲ್ಲ ಅಂತ ಚಿಕ್ಕಮ್ಮ ಹೇಳಿದ ಮೇಲೇ ದಾರಿ ಸಿಕ್ಕಿದ್ದು. ಟ್ಯಾಂಕಿನ ಮೇಲ್ಭಾಗದ ಪೈಪನ್ನು ಇಲಿ ಕಡಿದಿತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ಶೆಡ್ಡಲ್ಲಿ ವಾರಗಟ್ಟಲೆ ನಿಂತ ಗಾಡಿಗೆ ಇದು ಅಪರೂಪವೇನಲ್ಲ. ಪರ್ಫ್ಯೂಮ್ ಇಡೋದು ಅಂದರೆ ಅಲಾರಂ ಮ್ಯೂಟ್ ಮಾಡಿ ಮಲಗಿದ ಹಾಗೆ. ಕಾಫಿ ಪುಡಿ ಇಟ್ಟರೂ ಅಷ್ಟೇ.

ಹಳೇ ಗಾಡಿಯವರಿಗೆ ಇನ್ನೊಂದು ವಿಷಯ. ಈಗಿನ ಪೆಟ್ರೋಲಲ್ಲಿ 20% ವರೆಗೆ ಎಥನಾಲ್ ಇರತ್ತೆ. 2023ರ ಏಪ್ರಿಲ್ ನಂತರದ ಕಾರುಗಳ ರಬ್ಬರ್ ಭಾಗಗಳನ್ನು ಅದಕ್ಕೆ ತಕ್ಕಂತೆ ಮಾಡಿರ್ತಾರೆ. ಅದಕ್ಕಿಂತ ಹಳೆಯದಾದರೆ ಪ್ರತಿ ಸರ್ವಿಸಲ್ಲೂ ಪೈಪು, ಉಂಗುರ ನೋಡಿಸಿ.

ಡಿಕ್ಕಿಯನ್ನೂ ಮರೀಬೇಡಿ. ಕಳೆ ಹೊಡೆಯೋ ಮೆಷಿನ್ನಿಗೆ ಅಂತ ಬಂಕಿಂದ ಪೆಟ್ರೋಲ್ ತರೋದು ತೋಟದವರಿಗೆ ಮಾಮೂಲಿ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲಿಗೆ ಲೈಸೆನ್ಸ್ ಬೇಡ, ಆದರೆ ಪಾತ್ರೆಯ ಷರತ್ತು ಇದೆ: ಬಿಗಿ ಮುಚ್ಚಳದ ಲೋಹದ ಕ್ಯಾನ್ ಆದರೆ 25 ಲೀಟರ್‌ವರೆಗೆ, ಗಾಜಿನದಾದರೆ 1 ಲೀಟರ್. ನೀರಿನ ಪ್ಲಾಸ್ಟಿಕ್ ಬಾಟಲಿ ಆ ಪಟ್ಟಿಯಲ್ಲೇ ಇಲ್ಲ.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡತ್ತೆ, ಆ ಆವಿ ಗಾಳಿಗಿಂತ ಭಾರ. ಅದಕ್ಕೇ ವಾಸನೆ ಇರೋ ಗಾಡಿಯನ್ನು ಮುಚ್ಚಿದ ಶೆಡ್ಡಲ್ಲಿ ನಿಲ್ಲಿಸಬೇಡಿ. ದಾರಿ ಮಧ್ಯೆ ಇದ್ದಕ್ಕಿದ್ದ ಹಾಗೆ ಗಾಢ ವಾಸನೆ ಬಂದರೆ ಅಗಲ ಇರೋ ಕಡೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಮಕ್ಕಳು ದೊಡ್ಡವರು ಎಲ್ಲರನ್ನೂ ಇಳಿಸಿ ದೂರ ಕರ್ಕೊಂಡು ಹೋಗಿ. "ಇನ್ನೇನು ಬಂದೇ ಬಿಡ್ತು, ನಾಲ್ಕು ಕಿಲೋಮೀಟರ್ ಅಷ್ಟೇ" ಅಂತ ಮತ್ತೆ ಸ್ಟಾರ್ಟ್ ಮಾಡಬೇಡಿ. ಹೊಗೆ ಬರ್ತಿದ್ದರೆ ಬಾನೆಟ್ ತೆಗೀಬೇಡಿ, ನೀರು ಹಾಕಬೇಡಿ, 112ಕ್ಕೆ ಫೋನ್ ಮಾಡಿ.

ರಿಪೇರಿಯಲ್ಲಿ ಜುಗಾಡ್ ಬೇಡ. ಇಂಜೆಕ್ಷನ್ ಇರೋ ಕಾರಿನ ಪೆಟ್ರೋಲ್ ಲೈನಲ್ಲಿ ಸಾಮಾನ್ಯವಾಗಿ ಟೈರಿಗಿಂತ ಹೆಚ್ಚು ಒತ್ತಡ ಇರತ್ತೆ. ಅಂಟು ಮೆತ್ತಿದ್ದು, ಮಾಮೂಲಿ ರಬ್ಬರ್ ಪೈಪು ಸುತ್ತಿದ್ದು ಅದನ್ನು ತಡೆಯಲ್ಲ. ಪೆಟ್ರೋಲ್ ಇಂಜೆಕ್ಷನ್ನಿಗೆ ಅಂತಲೇ ಮಾಡಿದ ಪೈಪು, ಹೊಸ ಕ್ಲಿಪ್ಪು ಹಾಕಿಸಿ. ಲೈನಿನ ಒತ್ತಡ ಇಳಿಸಿ, ಬ್ಯಾಟರಿ ತಂತಿ ಬಿಚ್ಚಿ ಮಾಡೋ ಕೆಲಸ ಇದು, ಮೆಕ್ಯಾನಿಕ್‌ಗೇ ಬಿಡಿ.

ನಿಮ್ಮ ಕೆಲಸ ಅವರಿಗೆ ಸರಿಯಾದ ಮಾಹಿತಿ ಕೊಡೋದು. "ವಾಸನೆ ಬರ್ತಿದೆ ಅಣ್ಣ" ಅಂದರೆ ಅವರು ಎಲ್ಲಿಂದ ಅಂತ ಹುಡುಕಬೇಕು? ಟ್ಯಾಂಕಲ್ಲಿ ಎಷ್ಟಿತ್ತು, ಏರುವಾಗಲೋ ನಿಂತ ಮೇಲೋ, ಹಿಂದಿನ ಸೀಟಿಗೋ ಮುಂದಿನದಕ್ಕೋ, ಫೋನಲ್ಲೇ ಬರೆದಿಟ್ಟುಕೊಳ್ಳಿ. ಮೂರು ದಿನದ ಆ ನಾಲ್ಕು ಸಾಲು ತೋರಿಸಿದರೆ ಒಳ್ಳೆ ಮೆಕ್ಯಾನಿಕ್ ನೇರ ಸೋರೋ ಜಾಗಕ್ಕೇ ಕೈ ಹಾಕ್ತಾರೆ.