ಮೊದಲ ತುತ್ತಿನ ಲೆಕ್ಕ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ ಹತ್ತರಗಿ ಎಂಬುದೊಂದು ಊರು. ಪುಣೆ-ಬೆಂಗಳೂರು ಹೆದ್ದಾರಿ ಅದನ್ನು ಹಾದುಹೋಗುತ್ತದೆ. ಹಿಡಕಲ್ ಜಲಾಶಯ ಅಲ್ಲಿಗೆ ದೂರವಲ್ಲ. ಸಂಜೆ ಶಾಲೆ ಬಿಟ್ಟ ಹೊತ್ತಿನಲ್ಲಿ ಇಂಥ ಊರುಗಳ ಬಸ್ ನಿಲ್ದಾಣದಲ್ಲಿ ಕಾಣುವ ನೋಟವೊಂದನ್ನು ಆ ಭಾಗದ ವಾಚಕರೆಲ್ಲ ಬಲ್ಲರು. ಒಬ್ಬ ಹುಡುಗನು ಚುರುಮುರಿಯ ಪೊಟ್ಟಣವನ್ನು ಕೊಳ್ಳುತ್ತಾನೆ. ಅದನ್ನು ಬಿಚ್ಚುವುದರೊಳಗಾಗಿ ಸುತ್ತಲೂ ನಾಲ್ಕು ಕೈಗಳು ನೆರೆಯುತ್ತವೆ. ಒಬ್ಬನ ಕಿಸೆಯಿಂದ ಹುರಿದ ಶೇಂಗಾ, ಇನ್ನೊಬ್ಬನ ಚೀಲದಿಂದ ಬೆಲ್ಲದ ಚೂರು ಹೊರಬೀಳುತ್ತದೆ. ಬಸ್ಸು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಯಾರ ಹೊಟ್ಟೆಯೂ ತುಂಬಿರುವುದಿಲ್ಲ. ಆದರೂ ಎಲ್ಲರ ಮುಖವೂ ಅರಳಿರುತ್ತದೆ. ಹೊಟ್ಟೆ ತುಂಬಿಸದ ತಿಂಡಿಯೊಂದು ಮನಸ್ಸನ್ನು ತುಂಬಿಸುವುದು ಹೇಗೆ? ಈ ಪ್ರಶ್ನೆ ಮೇಲುನೋಟಕ್ಕೆ ಹುಡುಗಾಟಿಕೆಯದಾಗಿ ಕಂಡರೂ, ವಿಜ್ಞಾನದ ವಿದ್ಯಾರ್ಥಿಗಳು ಯೋಚಿಸಲು ತಕ್ಕುದೆಂದೇ ನಮ್ಮ ಅಭಿಪ್ರಾಯ.

ಮೊದಲು ತಿಂಡಿಯನ್ನೇ ನೋಡೋಣ. ಚುರುಮುರಿಯೆಂದರೆ ಉಬ್ಬಿದ ಅಕ್ಕಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ತೆಗೆದ ಅಕ್ಕಿಗೆ ಉಪ್ಪುನೀರು ಸವರಿ, ಚೆನ್ನಾಗಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಾಳಿನೊಳಗೆ ಅಡಗಿದ್ದ ಅಲ್ಪಸ್ವಲ್ಪ ನೀರು ಆ ಶಾಖಕ್ಕೆ ಒಮ್ಮೆಲೆ ಆವಿಯಾಗುತ್ತದೆ. ಹೊರಬರಲು ದಾರಿ ಕಾಣದ ಆವಿಯು ಮೆತ್ತಗಾದ ಪಿಷ್ಟವನ್ನು ಒಳಗಿನಿಂದ ನೂಕುತ್ತದೆ. ಕಾಳು ಕೆಲವೇ ಕ್ಷಣಗಳಲ್ಲಿ ಹಲವು ಪಟ್ಟು ಹಿಗ್ಗಿ, ತಣಿದೊಡನೆ ಅದೇ ರೂಪದಲ್ಲಿ ಗಟ್ಟಿಯಾಗುತ್ತದೆ. ನೆರೆಯ ಗೋಕಾಕದ ಹೆಸರಾಂತ ಕರದಂಟಿನಲ್ಲಿಯೂ ಇದೇ ತತ್ತ್ವ ಅಡಗಿದೆ. ಕರದಂಟು ಎಂದರೆ ಕರಿದ ಅಂಟು. ಮರದಿಂದ ಒಸರಿದ ತಿನ್ನುವ ಅಂಟಿನ ಹರಳುಗಳನ್ನು ಕಾದ ತುಪ್ಪಕ್ಕೆ ಹಾಕಿದಾಗ ಅವು ಅರಳಿ, ಹಗುರವಾಗಿ, ಗರಿಗರಿಯಾಗುತ್ತವೆ. ಅವುಗಳೊಡನೆ ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತುತ್ತಿಗಳು ಸೇರಿ ಕರದಂಟಾಗುತ್ತದೆ. ಇವೆರಡರಲ್ಲಿ ಚುರುಮುರಿ ಬಹುಪಾಲು ಗಾಳಿ. ಕರದಂಟು ಪುಷ್ಟಿಯ ಗಟ್ಟಿ. ಆದರೆ ಎರಡಕ್ಕೂ ಸಮಾನವಾದ ಗುಣವೊಂದುಂಟು: ಇವನ್ನು ಪಾಲು ಮಾಡಲು ತಟ್ಟೆ ಬೇಡ, ಚಮಚ ಬೇಡ. ಒಂದನ್ನು ಹಿಡಿಯಲ್ಲಿ ಎತ್ತಿಕೊಡಬಹುದು, ಇನ್ನೊಂದನ್ನು ಮುರಿದು ಕೊಡಬಹುದು.

ಇನ್ನು ತಿನ್ನುವವನ ಕಡೆಗೆ ತಿರುಗೋಣ. ಕರದಂಟಿನ ಮೊದಲ ತುತ್ತಿನಲ್ಲಿರುವ ಸವಿ ಹತ್ತನೆಯ ತುತ್ತಿನಲ್ಲಿರುವುದಿಲ್ಲವೆಂಬುದು ಎಲ್ಲರ ಅನುಭವ. ಇದು ಕೇವಲ ಹೊಟ್ಟೆ ತುಂಬಿದುದರ ಫಲವಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬಾರ್ಬರಾ ರೋಲ್ಸ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದರು. ಒಂದೇ ತಿನಿಸನ್ನು ಸಾಕಾಗುವಷ್ಟು ತಿಂದವರಿಗೆ ಆ ತಿನಿಸಿನ ರುಚಿ ಬಹಳ ಕುಂದಿತ್ತು. ಆದರೆ ತಿನ್ನದೆ ಉಳಿದ ಬೇರೆ ತಿನಿಸುಗಳ ರುಚಿ ಅಷ್ಟಾಗಿ ಕುಂದಿರಲಿಲ್ಲ. ಅಂದರೆ ಬೇಸರ ಹುಟ್ಟುವುದು ಆಹಾರದ ಮೇಲಲ್ಲ, ಆ ಒಂದು ರುಚಿಯ ಮೇಲೆ. ಇದು ನಾಲಗೆಯ ದೋಷವೆಂದು ಯಾರೂ ತಿಳಿಯಬಾರದು. ಒಂದೇ ಬಗೆಯ ಆಹಾರಕ್ಕೆ ಅಂಟಿಕೊಳ್ಳದೆ ಬಗೆಬಗೆಯದನ್ನು ತಿನ್ನುವಂತೆ ನಮ್ಮನ್ನು ಪ್ರೇರಿಸುವ ಉಪಾಯವಿದು.

ಇಲ್ಲಿಂದ ಒಂದು ಸರಳವಾದ ಲೆಕ್ಕ ಹೊರಡುತ್ತದೆ. ಒಂದು ತುಂಡು ಕರದಂಟಿನಲ್ಲಿ ಎಂಟು ತುತ್ತುಗಳಿವೆಯೆಂದು ಇಟ್ಟುಕೊಳ್ಳಿರಿ. ಒಬ್ಬನೇ ತಿಂದರೆ ಆತನಿಗೆ ದೊರೆಯುವುದು ಒಂದೇ ಒಂದು ಮೊದಲ ತುತ್ತು. ಉಳಿದ ಏಳೂ ಇಳಿಮುಖ. ಅದೇ ತುಂಡನ್ನು ನಾಲ್ವರು ಹಂಚಿಕೊಂಡರೆ ಮೊದಲ ತುತ್ತುಗಳು ನಾಲ್ಕು, ಎರಡನೆಯ ತುತ್ತುಗಳು ನಾಲ್ಕು. ತಕ್ಕಡಿಯಲ್ಲಿ ತೂಕ ಒಂದು ಗುಂಜಿಯಷ್ಟೂ ಹೆಚ್ಚಿಲ್ಲ. ಸವಿ ಮಾತ್ರ ಹೆಚ್ಚಿದೆ. ಹಂಚುವವನು ಕಳೆದುಕೊಳ್ಳುವುದು ರುಚಿ ಕುಂದಿದ ಕೊನೆಯ ತುತ್ತುಗಳನ್ನು. ಪಡೆಯುವವನಿಗೆ ಸಿಗುವುದು ಎಲ್ಲಕ್ಕಿಂತ ರುಚಿಯಾದ ಮೊದಲ ತುತ್ತು. ಲೋಕದಲ್ಲಿ ಇಷ್ಟು ಅಗ್ಗವಾದ ದಾನ ಬೇರೆ ಯಾವುದಿದೆ?

ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಜತೆಗೂಡಿ ತಿಂದಾಗ ರುಚಿಯೇ ಬದಲಾಗುತ್ತದೆಂದು ತೋರಿಸುವ ಪ್ರಯೋಗಗಳೂ ಉಂಟು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಕ್ಕದವರೂ ಅದೇ ಚಾಕೊಲೇಟನ್ನು ಅದೇ ಹೊತ್ತಿಗೆ ತಿನ್ನುತ್ತಿದ್ದಾಗ ಅದು ಹೆಚ್ಚು ಹಿತವೆನಿಸಿತು. ಆಗ ಇಬ್ಬರೂ ಪರಸ್ಪರ ಮಾತನಾಡಿರಲಿಲ್ಲವೆಂಬುದು ಸೋಜಿಗ. ಆದರೆ ಚಾಕೊಲೇಟು ಕಹಿಯಾಗಿದ್ದಾಗ ಫಲ ತಿರುಗುಮುರುಗಾಯಿತು. ಜತೆಯಲ್ಲಿ ತಿಂದಾಗ ಅದು ಇನ್ನಷ್ಟು ಅಹಿತವೆನಿಸಿತು. ಜತೆಗಾರನು ರುಚಿಯನ್ನು ಹುಟ್ಟಿಸುವುದಿಲ್ಲ. ಇರುವ ರುಚಿಯನ್ನು ಹಿಗ್ಗಿಸುತ್ತಾನೆ, ಮರಳಿನ ಕಾವು ಅಕ್ಕಿಯನ್ನು ಹಿಗ್ಗಿಸುವಂತೆ.

ಕೊಡುವುದರಲ್ಲಿಯೂ ಸುಖವುಂಟೆ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲಾರಾ ಅಕ್ನಿನ್, ಕೈಲಿ ಹ್ಯಾಮ್ಲಿನ್ ಮತ್ತು ಎಲಿಜಬೆತ್ ಡನ್ ಅವರು ಎರಡು ವರ್ಷ ತುಂಬದ ಮಕ್ಕಳ ಮೇಲೆ ನಡೆಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಮಗುವಿನ ಮುಂದೆ ಒಂದು ಕೋತಿಯ ಬೊಂಬೆ. ಮಗುವಿನ ಬಟ್ಟಲಲ್ಲಿ ಪುಟ್ಟ ಬಿಸ್ಕತ್ತುಗಳು. ಬಿಸ್ಕತ್ತು ಪಡೆದಾಗ ಅರಳಿದುದಕ್ಕಿಂತ ಅದನ್ನು ಬೊಂಬೆಗೆ ಕೊಟ್ಟಾಗ ಮಗುವಿನ ಮುಖ ಹೆಚ್ಚಾಗಿ ಅರಳಿತು. ಬೇರೆ ಬಿಸ್ಕತ್ತನ್ನು ಕೊಟ್ಟಾಗಿನಕ್ಕಿಂತ ತನ್ನ ಬಟ್ಟಲಿನದನ್ನೇ ಕೊಟ್ಟಾಗ ಇನ್ನೂ ಹೆಚ್ಚಾಗಿ ಅರಳಿತು. ಪರೀಕ್ಷಿಸಿದ ಮಕ್ಕಳ ಸಂಖ್ಯೆ ಚಿಕ್ಕದು. ಇದೊಂದರಿಂದಲೇ ಮಾನವ ಸ್ವಭಾವವನ್ನು ತೀರ್ಮಾನಿಸುವುದು ಅವಸರವಾದೀತು. ಆದರೆ ಕೊಡುವ ಸುಖವು ಉಪದೇಶದಿಂದ ಮಾತ್ರ ಬರುವುದಲ್ಲವೆಂದು ಊಹಿಸಲು ಇದು ಎಡೆಗೊಡುತ್ತದೆ.

ನಮ್ಮ ಹಿರಿಯರು ಪ್ರಯೋಗಶಾಲೆಯಿಲ್ಲದೆ ಇದನ್ನು ಕಂಡುಕೊಂಡಿದ್ದರೆಂದು ತೋರುತ್ತದೆ. ಉತ್ತರ ಕರ್ನಾಟಕದಲ್ಲಿ ನಾಗಪಂಚಮಿಗೆ ಶೇಂಗಾ, ಎಳ್ಳು, ಕಡಲೆಹಿಟ್ಟುಗಳಿಂದ ಮಾಡಿದ ಉಂಡಿಗಳು ಮನೆಯಿಂದ ಮನೆಗೆ ಹೋಗುತ್ತವೆ. ಸಂಕ್ರಾಂತಿಯಲ್ಲಿ ಕುಸುರೆಳ್ಳು ಕೈಯಿಂದ ಕೈಗೆ ದಾಟುತ್ತದೆ. ಪ್ರತಿ ಮನೆಯಲ್ಲಿಯೂ ಎಳ್ಳಿರುವಾಗ ಅದನ್ನು ಬದಲಾಯಿಸಿಕೊಳ್ಳುವುದೇಕೆಂದು ಅರ್ಥಶಾಸ್ತ್ರದವನು ಕೇಳಿಯಾನು. ಬದಲಾಗುವುದು ಎಳ್ಳಲ್ಲ, ಮುನಿಸಿಕೊಂಡವರು ಮಾತನಾಡಲು ಒಂದು ನೆಪ ದೊರೆಯುತ್ತದೆ ಎಂಬುದೇ ಅದಕ್ಕೆ ಉತ್ತರ.

ಇಷ್ಟೆಲ್ಲ ಹೇಳಲು ಕಾರಣವುಂಟು. ಇಂದು ಅಂಗಡಿಗಳ ಮುಂದೆ ಸರಮಾಲೆಯಾಗಿ ತೂಗುವ ಐದು ಹತ್ತು ರೂಪಾಯಿಗಳ ಪೊಟ್ಟಣಗಳನ್ನು ನೋಡಿರಿ. ಅವು ಒಬ್ಬನ ಕೈಗೆ, ಒಬ್ಬನ ಬಾಯಿಗೆ ಅಳತೆಮಾಡಿದವು. ಅವುಗಳಲ್ಲಿ ಅನೇಕಕ್ಕೆ ಉಪ್ಪು ಎಣ್ಣೆಗಳು ಹೆಚ್ಚೆಂಬುದು ಒಂದು ಆಕ್ಷೇಪ. ನಮ್ಮ ಆಕ್ಷೇಪ ಬೇರೆಯದು. ಐದು ಮಂದಿ ಗೆಳೆಯರು ಐದು ಪೊಟ್ಟಣಗಳನ್ನು ಹಿಡಿದು ಐದು ಕಡೆ ಮುಖಮಾಡಿ ತಿನ್ನುವಾಗ, ತಿಂಡಿ ಹೆಚ್ಚಾಗಿದ್ದರೂ ಸವಿ ಕಡಿಮೆಯಾಗಿದೆ. ಪೊಟ್ಟಣ ಕೊಳ್ಳಲು ಕಾಸಿಲ್ಲದ ಆರನೆಯವನಿಗಂತೂ ಅಲ್ಲಿ ಎಡೆಯೇ ಇಲ್ಲ.

ಹಂಚಿ ತಿನ್ನುವುದಕ್ಕೆ ವಿರೋಧವಾಗಿ ಹೇಳಬಹುದಾದುದೂ ಉಂಟು. ಅದನ್ನು ಮರೆಮಾಚುವುದು ವಿಜ್ಞಾನಕ್ಕೆ ಶೋಭಿಸದು. ಎಂಜಲಿನಿಂದಲೂ ಕೊಳೆಗೈಯಿಂದಲೂ ರೋಗಗಳು ಹರಡುತ್ತವೆ. ಆದುದರಿಂದ ಕೈ ತೊಳೆದು, ಕಚ್ಚುವ ಮೊದಲೇ ಮುರಿದು ಹಂಚಬೇಕು. ಮುದ್ರಿತ ಪತ್ರಿಕೆಯ ಮೇಲೆ ತಿಂಡಿಯಿಡುವುದು ಸಲ್ಲದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಸಿದೆ. ಮಸಿಯಲ್ಲಿರುವ ಹಾನಿಕರ ಪದಾರ್ಥಗಳು ತಿಂಡಿಗೆ ಇಳಿಯುತ್ತವೆ. ಒಂದು ಬಾಳೆಲೆಯ ತುಂಡು ಅದಕ್ಕಿಂತ ಮೇಲು. ಬೂಸ್ಟು ಹಿಡಿದ ಶೇಂಗಾವನ್ನು ತಾನೂ ತಿನ್ನಬಾರದು, ಪರರಿಗೂ ಕೊಡಬಾರದು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಕೆಲವರ ದೇಹಕ್ಕೆ ಒಳ್ಳೆಯ ಶೇಂಗಾವೂ ಒಗ್ಗದು. ಅಂಥವರಿಗೆ ಒಂದು ಕಾಳೂ ಅಪಾಯ ತಂದೀತು. ಆದುದರಿಂದ ಕೊಡುವ ಮೊದಲು ಕೇಳಬೇಕು. ಜತೆಯಲ್ಲಿದ್ದಾಗ ಮನುಷ್ಯ ಹೆಚ್ಚು ತಿನ್ನುತ್ತಾನೆಂಬುದೂ ದಿಟವೇ. ಆದರೆ ಪೊಟ್ಟಣ ಒಂದೇ ಆದಾಗ ಆ ಭಯವಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 570 ಕಿಲೊಕ್ಯಾಲೊರಿಗಳಿವೆ. ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬನಿಗೆ ನೂರನಲವತ್ತರಷ್ಟು. ಸಂಜೆಯ ತಿಂಡಿಗೆ ಅದು ಸಾಲದೆ?

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಕ್ರಿಮಿಗಳದಲ್ಲ, ಮನಸ್ಸಿನದು. ಯಾರ ಕೈಯಿಂದ ಯಾರು ತಿನ್ನಬಹುದು, ಯಾರು ತಿನ್ನಬಾರದು ಎಂಬ ಕಟ್ಟಳೆಗಳಿಂದ ನಮ್ಮ ಸಮಾಜ ಬಹುಕಾಲ ನರಳಿದೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಎತ್ತಿಹಿಡಿದರು. ನಮ್ಮ ಸಂವಿಧಾನವು 1950ರಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 2002ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದೇ ಹೆಸರು. ಆದರೆ ಕಾನೂನು ಒಂದೇ ಸಾಲಿನಲ್ಲಿ ಕೂರಿಸಬಲ್ಲುದು. ಒಂದೇ ಹಿಡಿ ಚುರುಮುರಿಗೆ ಕೈಹಾಕಿಸಲಾರದು. ಅದು ವಿದ್ಯಾರ್ಥಿಗಳು ತಾವಾಗಿಯೇ ಮಾಡಬೇಕಾದ ಕೆಲಸ. ನಿಲ್ದಾಣದಲ್ಲಿ ತುಸು ದೂರ ಸರಿದು, ಹಸಿವಿಲ್ಲವೆಂದು ಹೇಳಿ, ಬಸ್ಸು ಬರುವ ದಾರಿಯನ್ನೇ ನೋಡುವ ಹುಡುಗನೊಬ್ಬ ಎಲ್ಲ ಊರುಗಳಲ್ಲಿಯೂ ಇರುತ್ತಾನೆ. ಅವನ ಕೈಗೆ ತಿಂಡಿಯನ್ನು ಹಾಕಿದರೆ ಅದು ಭಿಕ್ಷೆಯಂತೆ ತೋರೀತು. ಎಲ್ಲರೂ ತಂದುದನ್ನು ಒಂದೇ ರಾಶಿಮಾಡಿ, "ಬಾರೋ ತಮ್ಮಾ, ನೀನೂ ಕೈಹಾಕು" ಎಂದರೆ, ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ. ರಾಶಿಯಲ್ಲಿ ಯಾರ ಶೇಂಗಾ ಯಾವುದೆಂದು ಯಾವ ಶಾಸ್ತ್ರವೂ ಗುರುತಿಸಲಾರದು.

ತರುಣ ವಾಚಕರು ನಮ್ಮ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಒಂದು ಸಂಜೆ ಶೇಂಗಾ ಚಿಕ್ಕಿಯ ತುಂಡೊಂದನ್ನು ಒಬ್ಬರೇ ತಿಂದು, ಪ್ರತಿ ತುತ್ತಿನ ಸವಿಗೂ ಹತ್ತಕ್ಕೆ ಇಷ್ಟೆಂದು ಅಂಕ ಬರೆದಿಡಿರಿ. ಇನ್ನೊಂದು ಸಂಜೆ ಅದೇ ಅಳತೆಯ ತುಂಡನ್ನು ಮೂವರು ಗೆಳೆಯರೊಡನೆ ಹಂಚಿಕೊಂಡು, ಎಲ್ಲರ ಅಂಕಗಳನ್ನೂ ಕೂಡಿಸಿರಿ. ಯಾವ ಬಗೆಯನ್ನು ಮೊದಲು ಮಾಡಿದಿರೆಂಬುದೂ ಫಲವನ್ನು ಬದಲಿಸಬಹುದಾದುದರಿಂದ, ಕ್ರಮವನ್ನು ಅದಲುಬದಲು ಮಾಡಿ ಹಲವು ಸಲ ನೋಡಿರಿ. ಮೂವರಲ್ಲಿ ಒಬ್ಬನು, ಈವರೆಗೆ ನೀವು ಕರೆಯದೆ ಉಳಿದವನಾಗಿರಲಿ.