ಲೂಯಿಸನಲ್ಲಿ ತರ್ಕವೂ ಕಲ್ಪನೆಯೂ

ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದ ಸಿ. ಎಸ್. ಲೂಯಿಸನನ್ನು (1898–1963) ಕುರಿತು ಒಂದು ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಕ್ರೈಸ್ತಮತವನ್ನು ತರ್ಕದಿಂದ ಸಮರ್ಥಿಸಹೊರಟ ಈತನು 1948ನೆಯ ಇಸವಿ ಫೆಬ್ರವರಿ 2ರಂದು ಅಲ್ಲಿಯ ಸಾಕ್ರಟಿಕ್ ಕ್ಲಬ್ಬಿನಲ್ಲಿ ಎಲಿಜಬೆತ್ ಆನ್ಸ್‌ಕಮ್ ಎಂಬ ತರುಣ ವಿದುಷಿಯೊಡನೆ ವಾದಕ್ಕೆ ನಿಂತು ಸೋತನಂತೆ. ಆ ಅವಮಾನವನ್ನು ತಾಳಲಾರದೆ ತರ್ಕವನ್ನು ತೊರೆದು ಮಕ್ಕಳ ಕಥೆಗಳಲ್ಲಿ ತಲೆಮರೆಸಿಕೊಂಡನಂತೆ. 1950ರಿಂದ 1956ರವರೆಗೆ ಪ್ರಕಟವಾದ ನಾರ್ನಿಯಾ ರಾಜ್ಯದ ಏಳು ಪುಸ್ತಕಗಳು ಆ ಪಲಾಯನದ ಫಲವಂತೆ. ಎ. ಎನ್. ವಿಲ್ಸನ್ 1990ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯು ಈ ಮತಕ್ಕೆ ವಿಶೇಷ ಬಲವನ್ನು ಕೊಟ್ಟಿತು. ಕಥೆ ಕೇಳಲು ಸೊಗಸಾಗಿದೆ. ಆದರೆ ವಿಚಾರಕ್ಕೆ ನಿಲ್ಲುವಂಥದಲ್ಲ. ಇದರಿಂದ ಕೆಡುವುದು ಒಬ್ಬ ಗ್ರಂಥಕರ್ತನ ಹೆಸರು ಮಾತ್ರವೂ ಅಲ್ಲ. ವಿಚಾರ ಮಾಡಲಾರದವನು ಕಲ್ಪನೆಗೆ ಇಳಿಯುವನೆಂಬ ತಾತ್ಸಾರವು ಇದರ ಬೆನ್ನಿಗಿದೆ. ಅದನ್ನು ಒಪ್ಪಿದರೆ ಕಾವ್ಯಪ್ರಪಂಚವೆಲ್ಲವೂ ಸೋತವರ ಬಿಡಾರವಾಗುವುದು.

ಮೊದಲು ವಾದದ ವಿಷಯವನ್ನೇ ನೋಡಬೇಕು. 1947ರಲ್ಲಿ ಹೊರಬಂದ 'ಮಿರಾಕಲ್ಸ್' ಎಂಬ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಲೂಯಿಸನು ಪ್ರಕೃತಿವಾದವನ್ನು ಖಂಡಿಸಿದ್ದನು. ಜಗತ್ತಿನಲ್ಲಿ ಜಡಪ್ರಕೃತಿಯ ಹೊರತು ಬೇರೇನೂ ಇಲ್ಲವೆಂದರೆ ಮನುಷ್ಯನ ಆಲೋಚನೆಗಳೂ ವಿವೇಕಶೂನ್ಯವಾದ ಕಾರಣಗಳಿಂದಲೇ ಹುಟ್ಟಿದವೆನ್ನಬೇಕು. ಅಂಥ ಆಲೋಚನೆಗಳನ್ನು ನಂಬಲು ಆಧಾರವಿಲ್ಲ. ಪ್ರಕೃತಿವಾದವೂ ಒಂದು ಆಲೋಚನೆಯೇ ಆದುದರಿಂದ ಅದು ತನ್ನ ಬೇರನ್ನು ತಾನೇ ಕಡಿದುಕೊಳ್ಳುವುದು ಎಂಬುದು ಅವನ ವಾದ. ಆನ್ಸ್‌ಕಮ್ ನಾಸ್ತಿಕಳಲ್ಲ, ವಿಟ್‌ಗೆನ್‌ಸ್ಟೈನನ ಶಿಷ್ಯೆ, ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದವಳು. ಆಕೆ ಎತ್ತಿ ತೋರಿಸಿದ್ದು ಯುಕ್ತಿಯ ದೋಷವನ್ನು. ಒಂದು ಆಲೋಚನೆ ಹುಟ್ಟುವುದಕ್ಕೆ ಕಾರಣವೇನು ಎಂಬುದು ಬೇರೆ. ಅದು ಸತ್ಯವೆನ್ನುವುದಕ್ಕೆ ಆಧಾರವೇನು ಎಂಬುದು ಬೇರೆ. ಸಂಸ್ಕೃತಶಾಸ್ತ್ರಗಳ ಪರಿಚಯವುಳ್ಳವರು ಇದನ್ನು ಕಾರಕಹೇತು ಜ್ಞಾಪಕಹೇತುಗಳ ಭೇದವೆಂದು ಕೂಡಲೆ ಗುರುತಿಸುವರು. ಹೊಗೆ ಹುಟ್ಟುವುದಕ್ಕೆ ಬೆಂಕಿಯು ಕಾರಕ; ಬೆಂಕಿಯುಂಟೆಂದು ತಿಳಿಯುವುದಕ್ಕೆ ಹೊಗೆಯು ಜ್ಞಾಪಕ. ಇವೆರಡನ್ನೂ ಬಿಡಿಸದೆ ಬೆರಸಿದುದು ಲೂಯಿಸನ ತಪ್ಪು.

ಆ ಸಭೆಯ ಬಳಿಕ ಅವನು ಖಿನ್ನನಾಗಿದ್ದನೆಂದು ಮಿತ್ರರು ಕೆಲವರು ಹೇಳಿರುವುದುಂಟು. ತರುವಾಯ ಮತಸಮರ್ಥನೆಗೆಂದೇ ವಾದರೂಪವಾದ ಹೊಸ ದೊಡ್ಡ ಗ್ರಂಥವನ್ನು ಬರೆಯಲಿಲ್ಲವೆಂಬುದೂ ನಿಜ. ಆದರೆ ಓಡಿಹೋದವನು ಮಾಡುವ ಕೆಲಸವನ್ನು ಅವನು ಮಾಡಿದನೇ? 1954ರಲ್ಲಿ ಕೇಂಬ್ರಿಜ್ಜಿಗೆ ಹೋಗುವವರೆಗೆ ಅದೇ ಕ್ಲಬ್ಬಿನ ಅಧ್ಯಕ್ಷನಾಗಿದ್ದನು. 1960ರಲ್ಲಿ ಆ ಮೂರನೆಯ ಅಧ್ಯಾಯವನ್ನು ತಿದ್ದಿ ಬರೆದು, ಕಾರಣಕ್ಕೂ ಆಧಾರಕ್ಕೂ ಇರುವ ಭೇದವನ್ನು ತಾನೇ ವಿವರಿಸಿ, ವಾದವನ್ನು ಅದರ ಮೇಲೆಯೇ ಮತ್ತೆ ಕಟ್ಟಿದನು. 1981ರಲ್ಲಿ ಆನ್ಸ್‌ಕಮ್ ತನ್ನ ಲೇಖನಸಂಗ್ರಹದ ಪ್ರಸ್ತಾವನೆಯಲ್ಲಿ ಈ ತಿದ್ದುಪಡಿಯು ಅವನ ಪ್ರಾಮಾಣಿಕತೆಯನ್ನೂ ಗಾಂಭೀರ್ಯವನ್ನೂ ತೋರಿಸುವುದೆಂದು ಒಪ್ಪಿಕೊಂಡಳು. ಆ ಸಭೆಯು ಶಾಂತವಾದ ಚರ್ಚೆಯಾಗಿತ್ತೆಂದೇ ಆಕೆಯ ನೆನಪು. ಗೆದ್ದವಳೆನಿಸಿಕೊಂಡವಳಿಗೆ ಕಾಣದ ಪಲಾಯನವು ಚರಿತ್ರಕಾರರಿಗೆ ಕಂಡಿತು!

ಇನ್ನು ಕಾಲಗಣನೆ. ಕಲ್ಪನೆಯು ಸೋಲಿನ ಮಗುವಾಗಿದ್ದರೆ ಅದು ಸೋಲಿಗಿಂತ ಮುಂಚೆ ಹುಟ್ಟಬಾರದಾಗಿತ್ತು. ಲೂಯಿಸನ 'ಪಿಲ್‌ಗ್ರಿಮ್ಸ್ ರಿಗ್ರೆಸ್' ಎಂಬ ರೂಪಕಕಥೆ 1933ರದು. ಗ್ರಹಾಂತರಗಳ ಮೂರು ಕಥೆಗಳು 1938, 1943, 1945ರವು. ಹಿರಿಯ ಪಿಶಾಚಿಯು ಕಿರಿಯ ಪಿಶಾಚಿಗೆ ಬರೆದ ಪತ್ರಗಳ ರೂಪದ 'ಸ್ಕ್ರೂಟೇಪ್' 1942ರದು. ಹಿಮ ಬಿದ್ದ ಕಾಡಿನಲ್ಲಿ ಕೊಡೆ ಹಿಡಿದು ನಡೆಯುವ, ಮೇಕೆಯ ಕಾಲಿನ ವನಮಾನವನ ಚಿತ್ರವು ತನ್ನ ಹದಿನಾರನೆಯ ವಯಸ್ಸಿನಿಂದಲೂ ಮನಸ್ಸಿನಲ್ಲಿತ್ತೆಂದು ಅವನೇ ತಿಳಿಸಿದ್ದಾನೆ. ನಾರ್ನಿಯಾದ ಮೊದಲ ಪುಸ್ತಕದಲ್ಲಿ ಬರುವುದು ಆ ಚಿತ್ರವೇ. ವಿಮರ್ಶಕರು ಪಂಚಾಂಗವನ್ನಾದರೂ ತೆರೆದು ನೋಡಬಹುದಾಗಿತ್ತು.

ತರ್ಕವನ್ನೂ ಕಲ್ಪನೆಯನ್ನೂ ವೈರಿಗಳೆಂದು ಪ್ರೌಢನಾದ ಲೂಯಿಸನು ಭಾವಿಸಲಿಲ್ಲ. 1939ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವನು ಎರಡರ ಅಧಿಕಾರಗಳನ್ನೂ ಗೊತ್ತುಮಾಡಿದ್ದಾನೆ. ಸತ್ಯವನ್ನು ಗ್ರಹಿಸುವುದು ತರ್ಕದ ಕೆಲಸ. ಅರ್ಥವನ್ನು ಒದಗಿಸುವುದು ಕಲ್ಪನೆಯ ಕೆಲಸ. ಅರ್ಥವೇ ಇಲ್ಲದ ಮಾತು ಸತ್ಯವೂ ಆಗದು, ಸುಳ್ಳೂ ಆಗದು. ಹಾಗಾಗಿ ತರ್ಕವು ನಿರ್ಣಯಿಸುವುದಕ್ಕೆ ಮೊದಲು ಕಲ್ಪನೆಯು ಅರ್ಥವನ್ನು ತಂದಿಡಬೇಕು. ಇದು ಅವನ ಬಾಳಿನಲ್ಲಿಯೇ ನಡೆದ ಸಂಗತಿ. ನಾಸ್ತಿಕನಾಗಿದ್ದವನು ವಿಚಾರದ ದಾರಿಯಿಂದಲೇ ಈಶ್ವರನ ಅಸ್ತಿತ್ವವನ್ನು ಒಪ್ಪುವವರೆಗೆ ಬಂದನು. ಆದರೆ ಕ್ರಿಸ್ತನ ಮರಣಕ್ಕೆ ಅರ್ಥವೇನೆಂಬುದು ತಿಳಿಯದೆ ಅಲ್ಲಿಯೇ ನಿಂತಿದ್ದನು. 1931ರ ಸೆಪ್ಟೆಂಬರಿನ ಒಂದು ರಾತ್ರಿ ಟೋಲ್ಕೀನ್, ಡೈಸನ್ ಎಂಬ ಮಿತ್ರರಿಬ್ಬರು ಅವನಿಗೊಂದು ಮಾತನ್ನು ಮನಗಾಣಿಸಿದರು: ಬಾಲ್ಡರನೇ ಮೊದಲಾದ ಸಾಯುವ ದೇವತೆಗಳ ಪುರಾಣಗಳನ್ನು ಓದಿ ಕರಗುವ ಮನಸ್ಸಿನಿಂದಲೇ ಇದನ್ನೂ ಓದಬೇಕು, ಇದು ನಿಜವಾಗಿ ನಡೆದ ಪುರಾಣ. ಆ ಸಿದ್ಧಾಂತವನ್ನು ಒಪ್ಪುವುದೂ ಬಿಡುವುದೂ ವಾಚಕರ ಇಷ್ಟ. ತರ್ಕವು ನಿಂತಲ್ಲಿಂದ ಅವನನ್ನು ಮುಂದಕ್ಕೆ ಕರೆದೊಯ್ದುದು ಕಲ್ಪನೆಯೆಂಬುದು ಮಾತ್ರ ನಿರ್ವಿವಾದ.

ಕಥೆಗಳಲ್ಲಿ ತರ್ಕವು ಸತ್ತಿದೆಯೆನ್ನುವವರು ಕಥೆಗಳನ್ನು ಓದಿಲ್ಲ. ಮೊದಲ ಪುಸ್ತಕದಲ್ಲಿಯೇ ಮುದಿ ಪ್ರೊಫೆಸರನು ಮಕ್ಕಳನ್ನು ಕೂರಿಸಿಕೊಂಡು, ಲೂಸಿಯು ಸುಳ್ಳು ಹೇಳುವವಳೋ, ಹುಚ್ಚಿಯೋ, ಸತ್ಯವಂತೆಯೋ ಎಂದು ಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸುವನು. ಶಾಲೆಗಳಲ್ಲಿ ತರ್ಕವನ್ನು ಕಲಿಸುವುದಿಲ್ಲವಲ್ಲಾ ಎಂದು ಕೊರಗುವನು. 1953ರ 'ಸಿಲ್ವರ್ ಚೇರ್' ಎಂಬ ಕಥೆಯಲ್ಲಿ ಪಾತಾಳದ ಮಾಟಗಾತಿಯು, ದೀಪವನ್ನು ನೋಡಿ ಸೂರ್ಯನನ್ನೂ ಬೆಕ್ಕನ್ನು ನೋಡಿ ಸಿಂಹವನ್ನೂ ನೀವು ಕಲ್ಪಿಸಿಕೊಂಡಿದ್ದೀರಿ ಎಂದು ಮಕ್ಕಳನ್ನು ಮರುಳುಗೊಳಿಸುವಳು. ಸಾಧಿಸಬೇಕಾದುದನ್ನೇ ಸಿದ್ಧವೆಂದು ಹಿಡಿಯುವ ಈ ಕುಯುಕ್ತಿಯು ಮಾಟದ ಹೊಗೆಯಲ್ಲಿ ಯುಕ್ತಿಯಂತೆ ಕಾಣುವುದು. ಜೊತೆಗಾರನೊಬ್ಬನು ಬರಿಗಾಲಿನಿಂದ ಆ ಬೆಂಕಿಯನ್ನು ತುಳಿದಾಗ ನೋವಿನಿಂದ ಅವನ ಬುದ್ಧಿಯೇ ತಿಳಿಯಾಗುವುದು.

ಎದುರು ಪಕ್ಷದ ಭಕ್ತರಿಗೂ ಒಂದು ಮಾತು ಸಲ್ಲಬೇಕು. ನಾರ್ನಿಯಾವು ಸಕ್ಕರೆ ಸವರಿದ ಮತಬೋಧೆಯೆಂದು ಹೊಗಳುವವರು ಅದನ್ನು ಔಷಧದ ಗುಳಿಗೆಯಾಗಿ ಮಾಡುತ್ತಾರೆ. ಮೊದಲು ಬಂದುದು ಚಿತ್ರಗಳು, ಬೋಧೆಯು ತಾನಾಗಿ ಬಂದು ಸೇರಿತು ಎಂಬುದು ಗ್ರಂಥಕರ್ತನ ಸ್ವಂತ ಹೇಳಿಕೆ. ಹೀಗೆ ನಿಂದಕರು ಅವನ ತರ್ಕವನ್ನೂ ಸ್ತುತಿಪಾಠಕರು ಅವನ ಕಲ್ಪನೆಯನ್ನೂ ಕಿತ್ತುಕೊಂಡಿದ್ದಾರೆ. ಎರಡನ್ನೂ ಅವನಿಗೆ ಹಿಂದಕ್ಕೆ ಕೊಟ್ಟ ಮೇಲೆಯೇ ಅವನನ್ನು ಒಪ್ಪುವ ಅಥವಾ ಖಂಡಿಸುವ ಅಧಿಕಾರವು ಯಾರಿಗಾದರೂ ಬರುವುದು.